ಗೋಧಿ ಬಿಸಿಲನ್ನು ತಾಳಿತೋ, ತಪ್ಪಿಸಿಕೊಂಡಿತೋ?

ಪ್ರಶ್ನೆ: ನಾನು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯೊಂದರ ಶಿಕ್ಷಕ. ಊರಿನಲ್ಲಿ ನಾಲ್ಕು ಎಕರೆ ಎರೆ ಹೊಲವೂ ಒಂದು ಬಾವಿಯೂ ಇವೆ. ತೊಗರಿ ಕೊಯ್ದ ಮೇಲೆ ಡಿಸೆಂಬರ್ ಎರಡನೆಯ ವಾರದಲ್ಲಿ ಲೋಕ್-1 ಗೋಧಿ ಬಿತ್ತಿದೆ. ಫೆಬ್ರುವರಿ ಕೊನೆಯ ಬಿಸಿಲಿಗೆ ಕಾಳು ಸೊರಗಿ ಸಣ್ಣದಾಯಿತು. ಆದರೆ ಅಲ್ಲೊಂದು ಇಲ್ಲೊಂದು ತೆನೆಯಲ್ಲಿ ಕಾಳು ದಪ್ಪವಾಗಿ ತುಂಬಿತ್ತು. ಅವನ್ನು ಕಿತ್ತು ಬೇರೆ ಇಟ್ಟಿದ್ದೇನೆ. ಅವುಗಳನ್ನೇ ಬೆಳೆಸುತ್ತ ಹೋದರೆ ಬಿಸಿಲು ತಾಳುವ ತಳಿ ಸಿಗುತ್ತದೆಯೇ? ಇಷ್ಟು ವರ್ಷವಾದರೂ ವಿಜ್ಞಾನಿಗಳು ಅಂಥ ಗೋಧಿಯನ್ನು ಏಕೆ ಕೊಟ್ಟಿಲ್ಲ? ನಮ್ಮ ತಂದೆ ಬೆಳೆಯುತ್ತಿದ್ದ ಜವೆ ಗೋಧಿ ಬಿಸಿಲಿಗೆ ಜಗ್ಗುತ್ತಿರಲಿಲ್ಲ ಎನ್ನುತ್ತಾರೆ, ಅದು ನಿಜವೇ?

ಉತ್ತರ: ಮಾಸ್ತರರೇ, ಸೊರಗಿದ ಹೊಲದಲ್ಲಿ ನಿಂತು ಚೆನ್ನಾಗಿರುವ ತೆನೆಯನ್ನು ಗುರುತಿಸಿ ಬೇರೆ ಇಟ್ಟಿರಲ್ಲ, ತಳಿ ಬೆಳೆಸುವ ವಿದ್ಯೆ ಶುರುವಾದದ್ದೇ ಅಲ್ಲಿಂದ. ಆದ್ದರಿಂದ ಮೊದಲು ಆ ತೆನೆಗಳ ವಿಚಾರ.

ಗೋಧಿ ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವ ಬೆಳೆ. ಹೂ ಬಾಯಿ ತೆರೆಯುವ ಹೊತ್ತಿಗೆ ಒಳಗೆ ಪರಾಗಸ್ಪರ್ಶ ಬಹುಮಟ್ಟಿಗೆ ಮುಗಿದಿರುತ್ತದೆ. ನೆರೆಯ ಗಿಡದ ಪರಾಗ ಬಂದು ಕೂಡುವುದು ಬಹಳ ಅಪರೂಪ. ಹೀಗಾಗಿ ಒಂದು ಬಿಡುಗಡೆಯಾದ ತಳಿಯ ಶುದ್ಧ ಬೀಜವನ್ನು ಬಿತ್ತಿದ ಹೊಲದಲ್ಲಿ ಲಕ್ಷಾಂತರ ಗಿಡಗಳಿದ್ದರೂ ವಂಶದ ಲೆಕ್ಕದಲ್ಲಿ ಅವೆಲ್ಲ ಒಂದೇ. ಒಂದರ ಕಾಳು ದಪ್ಪವಾಗಿ, ಮಗ್ಗುಲಿನದರ ಕಾಳು ಸೊರಗಿದ್ದರೆ ಕಾರಣವನ್ನು ಬೀಜದಲ್ಲಿ ಹುಡುಕಬಾರದು, ಗಿಡ ನಿಂತ ಜಾಗದಲ್ಲಿ ಹುಡುಕಬೇಕು. ಅದು ಕಾಲುವೆಯ ದಂಡೆಗಿತ್ತೇ? ಅಲ್ಲಿ ಎರೆ ಮಣ್ಣು ಒಂದು ಮೊಳ ಹೆಚ್ಚು ಆಳವಿತ್ತೇ? ಸಾಲಿನಲ್ಲಿ ಬೀಜ ತಪ್ಪಿ ಆ ಗಿಡಕ್ಕೆ ಅಗಲವಾದ ಜಾಗ ಸಿಕ್ಕಿತ್ತೇ? ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1903ರಲ್ಲಿ ಹುರುಳಿಕಾಯಿ ಬೀಜಗಳನ್ನು ತೂಗಿ ತೂಗಿ ತೋರಿಸಿಕೊಟ್ಟ ಸತ್ಯ ಇದು. ಶುದ್ಧ ವಂಶದೊಳಗೆ ದೊಡ್ಡ ಬೀಜವನ್ನು ಆರಿಸಿ ಬಿತ್ತಿದರೂ, ಸಣ್ಣದನ್ನು ಆರಿಸಿ ಬಿತ್ತಿದರೂ ಮುಂದಿನ ಪೀಳಿಗೆಯ ಸರಾಸರಿ ಒಂದೇ ಇರುತ್ತದೆ.

ಹಾಗಾದರೆ ಹಳೆಯ ಕಾಲದಲ್ಲಿ ಆಯ್ಕೆಯಿಂದಲೇ ತಳಿಗಳು ಬಂದವಲ್ಲ ಎಂದು ನೀವು ಕೇಳಬಹುದು. ಬಂದವು. ಬಿಹಾರದ ಪೂಸಾದಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಗೇಬ್ರಿಯೆಲ್ ಹೊವಾರ್ಡ್ ದಂಪತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎನ್‌ಪಿ 4ರಂಥ ತಳಿಗಳನ್ನು ಕೊಟ್ಟದ್ದು ಹಾಗೆಯೇ. ಆದರೆ ಅಂದಿನ ಹೊಲಗಳಲ್ಲಿ ಇದ್ದದ್ದು ನಾಟಿ ಗೋಧಿ, ಹತ್ತಾರು ವಂಶಗಳ ಬೆರಕೆ. ಆರಿಸಲು ಅಲ್ಲಿ ನಿಜವಾದ ವ್ಯತ್ಯಾಸವಿತ್ತು. ನಿಮ್ಮ ಲೋಕ್-1ರಲ್ಲಿ ಆ ಸಂಪತ್ತು ಇಲ್ಲ. ಒಂದು ಸಾಧ್ಯತೆ ಮಾತ್ರ ಉಳಿಯುತ್ತದೆ: ರಾಶಿ ಮಾಡುವ ಯಂತ್ರದಲ್ಲಿ ಬೇರೆ ತಳಿಯ ಕಾಳು ಬೆರೆತು ಬಂದಿದ್ದರೆ ನೀವು ಕಿತ್ತಿಟ್ಟದ್ದು ಬೇರೆಯದೇ ಗೋಧಿ ಆಗಿರಬಹುದು. ತೆನೆಯ ಆಕಾರ, ಮೀಸೆಯ ಬಣ್ಣ, ಗಿಡದ ಎತ್ತರ ಉಳಿದವಕ್ಕಿಂತ ಬೇರೆಯಿದ್ದವೇ ನೆನಪು ಮಾಡಿಕೊಳ್ಳಿ. ಅನುಮಾನವಿದ್ದರೆ ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಾಗಿ ಬಿತ್ತಿ ನೋಡಿ. ಸಾಲುಗಳೆಲ್ಲ ಒಂದೇ ತರ ಬಂದರೆ ಅಲ್ಲಿಗೆ ಆ ಹುಡುಕಾಟ ಮುಗಿಯಿತು.

ಇಷ್ಟಾದ ಮೇಲೂ ಆ ತೆನೆಗಳ ಬಗ್ಗೆ ನನಗೆ ತಿಳಿಯಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಅವು ಯಾವ ದಿನ ಹೂವಾಡಿದವು? ಒಂದೇ ಗಿಡದಲ್ಲಿ ಕೂಡ ತಾಯಿ ಕಾಂಡದ ತೆನೆ ಮೊದಲು ಹೂವಾಡುತ್ತದೆ, ತೆಂಡೆಗಳ, ಅಂದರೆ ಬುಡದಿಂದ ಒಡೆಯುವ ಮರಿ ಕಾಂಡಗಳ, ತೆನೆಗಳು ಕೆಲವು ದಿನ ಹಿಂದೆ ಬೀಳುತ್ತವೆ. ಫೆಬ್ರುವರಿಯಲ್ಲಿ ದಿನದಿನಕ್ಕೂ ಬಿಸಿಲು ಏರುವ ನಿಮ್ಮ ಕಡೆಯಲ್ಲಿ ನಾಲ್ಕೈದು ದಿನದ ಅಂತರವೂ ಕಾಳಿನ ತೂಕದಲ್ಲಿ ಎದ್ದು ಕಾಣುತ್ತದೆ. ಮೊದಲು ಹೂವಾಡಿದ ತೆನೆ ಬಿಸಿಲನ್ನು ಎದುರಿಸಿ ಗೆದ್ದಿಲ್ಲ, ಬಿಸಿಲು ಬರುವುದರೊಳಗೆ ಅರ್ಧ ಕೆಲಸ ಮುಗಿಸಿಕೊಂಡಿದೆ. ತಾಳಿಕೊಳ್ಳುವುದು ಒಂದು, ತಪ್ಪಿಸಿಕೊಳ್ಳುವುದು ಇನ್ನೊಂದು. ಗೋಧಿಯ ಬಿಸಿಲಿನ ಬಗ್ಗೆ ಕೆಲಸ ಮಾಡುವವರ ಶ್ರಮದಲ್ಲಿ ದೊಡ್ಡ ಪಾಲು ಇವೆರಡನ್ನು ಬೇರ್ಪಡಿಸುವುದರಲ್ಲೇ ಹೋಗುತ್ತದೆ. ಮಾರುಕಟ್ಟೆಯಲ್ಲಿ ‘ಬಿಸಿಲು ನಿರೋಧಕ’ ಎಂದು ಕರೆಸಿಕೊಳ್ಳುವ ಬೀಜಗಳಲ್ಲಿ ಎಷ್ಟೋ ಕೇವಲ ಬೇಗ ಮಾಗುವಂಥವು. ಬೇಗ ಮಾಗುವುದು ಒಳ್ಳೆಯ ಗುಣವೇ. ಆದರೆ ಅದಕ್ಕೊಂದು ಮಿತಿ ಇದೆ: ಬೇಗ ಮಾಗುವ ಗಿಡಕ್ಕೆ ಬೆಳೆಯಲು ದಿನಗಳು ಕಡಿಮೆ, ತೆಂಡೆ ಕಡಿಮೆ, ಎಲೆ ಕಡಿಮೆ, ಕೊನೆಗೆ ಇಳುವರಿಯೂ ಕಡಿಮೆ.

ಬಿಸಿಲು ಗೋಧಿಗೆ ಏನು ಮಾಡುತ್ತದೆ ಎಂಬುದನ್ನು ನೀವೇ ಮನೆಯಲ್ಲಿ ಪರೀಕ್ಷಿಸಬಹುದು. ಪೆಟ್ಟು ಬೀಳುವ ಹೊತ್ತು ಮುಖ್ಯವಾಗಿ ಎರಡು. ಹೊಡೆ ತುಂಬುವ ಹಂತದಲ್ಲಿ, ಅಂದರೆ ಹೂವಾಡುವುದಕ್ಕೆ ಒಂದು ವಾರ ಹತ್ತು ದಿನ ಮೊದಲು, ತೆನೆಯೊಳಗೆ ಪರಾಗ ರೂಪುಗೊಳ್ಳುತ್ತಿರುತ್ತದೆ. ಆಗ ಉಷ್ಣಾಂಶ 30 ಡಿಗ್ರಿ ಮೀರಿ ಕೆಲವು ದಿನ ನಿಂತರೆ ಪರಾಗ ಬಂಜೆಯಾಗುತ್ತದೆ, ತೆನೆಯಲ್ಲಿ ಕಾಳು ಕಟ್ಟಬೇಕಾದ ಜಾಗ ಖಾಲಿ ಉಳಿಯುತ್ತದೆ. ಎರಡನೆಯ ಪೆಟ್ಟು ಕಾಳು ತುಂಬುವಾಗ. ಹೂವಾದ ಮೊದಲ ಎರಡು ವಾರಗಳಲ್ಲಿ ಕಾಳಿನೊಳಗಿನ ಕೋಶಗಳ ಸಂಖ್ಯೆ ನಿಶ್ಚಯವಾಗುತ್ತದೆ, ಅನಂತರ ಅವುಗಳಲ್ಲಿ ಪಿಷ್ಟ ತುಂಬುತ್ತದೆ. ಗೋಧಿ ಕಾಳಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಸಕ್ಕರೆಯನ್ನು ಪಿಷ್ಟವಾಗಿ ಕಟ್ಟುವ ಕಿಣ್ವಗಳು ಬಿಸಿಗೆ ಬಲು ಸೂಕ್ಷ್ಮ. ಎಲೆಯಲ್ಲಿ ಸಕ್ಕರೆ ಇದ್ದರೂ ಕಾಳಿನಲ್ಲಿ ಅದನ್ನು ಪಿಷ್ಟವಾಗಿ ಕಟ್ಟುವ ಕೆಲಸ ನಿಧಾನವಾಗುತ್ತದೆ. ಸಾಲದ್ದಕ್ಕೆ ಬಿಸಿಯಲ್ಲಿ ಕಾಳು ತುಂಬುವ ದಿನಗಳೇ ಕುಗ್ಗುತ್ತವೆ. ಹೂವಾದ ನಂತರದ ಸರಾಸರಿ ಉಷ್ಣಾಂಶ 15 ಡಿಗ್ರಿಯಿಂದ ಮೇಲೆ ಏರಿದ ಪ್ರತಿ ಡಿಗ್ರಿಗೆ ಕಾಳಿನ ತೂಕ ಸುಮಾರು ಶೇಕಡಾ 3ರಿಂದ 4ರಷ್ಟು ಇಳಿಯುತ್ತದೆ ಎಂಬುದು ನಿಯಂತ್ರಿತ ಪ್ರಯೋಗಗಳಲ್ಲಿ ಕಂಡ ಮಾತು.

ಆದ್ದರಿಂದ ಈ ಸಲದ ರಾಶಿಯಿಂದ ಸಾವಿರ ಕಾಳು ಎಣಿಸಿ ತೂಗಿ. ಶಾಲೆಯ ಪ್ರಯೋಗಾಲಯದ ತಕ್ಕಡಿ ಸಾಕು, ಎಣಿಸಲು ಮಕ್ಕಳಿದ್ದಾರೆ. ಲೋಕ್-1 ದಪ್ಪ ಕಾಳಿನ ತಳಿ, ಒಳ್ಳೆಯ ವರ್ಷದಲ್ಲಿ ಸಾವಿರ ಕಾಳು 40 ಗ್ರಾಂ ಆಸುಪಾಸು ತೂಗಬೇಕು. 30ರ ಕೆಳಗೆ ಇಳಿದಿದ್ದರೆ ಪೆಟ್ಟು ಬಿದ್ದದ್ದು ಕಾಳು ತುಂಬುವಾಗ. ತೂಕ ಪರವಾಗಿಲ್ಲ, ಆದರೆ ತೆನೆಗೆ ಕಾಳಿನ ಸಂಖ್ಯೆಯೇ ಕಡಿಮೆ ಎಂದಾದರೆ ಹೊಡೆಯ ಹಂತದಲ್ಲೇ ಕೆಟ್ಟಿದೆ. ಇವೆರಡಕ್ಕೂ ಬೇಕಾದ ವಂಶಗುಣಗಳು ಬೇರೆ ಬೇರೆ. ಒಂದನ್ನು ತಾಳುವ ಗೋಧಿ ಇನ್ನೊಂದನ್ನು ತಾಳಲೇಬೇಕೆಂದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬಿಸಿಲು ತಾಳುವ ಗೋಧಿ ಇನ್ನೂ ಏಕೆ ಬಂದಿಲ್ಲ ಎಂಬುದು. 2022ರ ಮಾರ್ಚ್ ತಿಂಗಳು ದೇಶದಲ್ಲಿ 1901ರಿಂದ ದಾಖಲೆಯಿರುವ ಮಾರ್ಚ್‌ಗಳಲ್ಲೇ ಅತಿ ಬಿಸಿಯದಾಗಿತ್ತು. ಉತ್ತರದ ಗೋಧಿ ಕಾಳು ಸೊರಗಿತು, ಮೇ 13ರಂದು ಸರ್ಕಾರ ಗೋಧಿ ರಫ್ತನ್ನು ನಿಷೇಧಿಸಿತು. ಅಂದಿನಿಂದ ಪತ್ರಿಕೆಗಳಲ್ಲಿ ಬಿಸಿ ತಾಳುವ ಗೋಧಿಯ ಸುದ್ದಿ ಬರುತ್ತಲೇ ಇದೆ. ಆ ಸುದ್ದಿಗಳನ್ನು ಓದುವಾಗ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ರೈತರು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು. ಹರಿಯಾಣದ ಕರ್ನಾಲಿನಲ್ಲಿ ಜನವರಿಯ ಸರಾಸರಿ ಉಷ್ಣಾಂಶ 12–13 ಡಿಗ್ರಿ. ಅಲ್ಲಿ ಗೋಧಿ ಮೂರು ತಿಂಗಳು ತಣ್ಣಗೆ ಬೆಳೆದು ಕೊನೆಯಲ್ಲಿ ಮಾತ್ರ ಬಿಸಿಗೆ ಸಿಕ್ಕಿಕೊಳ್ಳುತ್ತದೆ. ಸೊಲ್ಲಾಪುರದಲ್ಲಿ ಜನವರಿಯ ಹಗಲು 30ರ ಆಸುಪಾಸು, ಸರಾಸರಿಯೇ 22–23. ಮೆಕ್ಸಿಕೊದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಕೇಂದ್ರದವರು ಗೋಧಿ ಬೆಳೆಯುವ ಪ್ರದೇಶಗಳನ್ನು ವಿಂಗಡಿಸುವಾಗ ಅತಿ ತಣ್ಣನೆಯ ತಿಂಗಳ ಸರಾಸರಿ 17.5 ಡಿಗ್ರಿ ಮೀರಿದರೆ ಅದನ್ನು ಬಿಸಿ ಪ್ರದೇಶವೆಂದು ಕರೆದರು. ಆ ಗೆರೆಯಿಂದ ನೀವು ಎಷ್ಟು ಮೇಲಿದ್ದೀರಿ ನೋಡಿ. ನಿಮ್ಮ ಗೋಧಿಗೆ ಬಿಸಿ ಮೊಳಕೆಯಿಂದಲೇ ಶುರು. ಕರ್ನಾಲಿನಲ್ಲಿ ಹೂವಾಡಲು 95–100 ದಿನ ತೆಗೆದುಕೊಳ್ಳುವ ಬೆಳೆ ನಿಮ್ಮಲ್ಲಿ ಅರವತ್ತು ಚಿಲ್ಲರೆ ದಿನಕ್ಕೇ ತೆನೆ ಹೊರಹಾಕುತ್ತದೆ. ತೆಂಡೆ ಒಡೆಯಲು, ಎಲೆ ಹರಡಲು ಸಮಯವೇ ಸಿಗುವುದಿಲ್ಲ. ಪಂಜಾಬಿನ ಸರಾಸರಿ ಇಳುವರಿಯ ಅರ್ಧಕ್ಕೂ ಮಹಾರಾಷ್ಟ್ರದ ಸರಾಸರಿ ಮುಟ್ಟದಿರುವುದಕ್ಕೆ ನೀರಿನ ಕೊರತೆಯ ಜೊತೆಗೆ ಇದೂ ದೊಡ್ಡ ಕಾರಣ.

ಉತ್ತರದಲ್ಲಿ ಈಚೆಗೆ ಹುಡುಕಿಕೊಂಡಿರುವ ಒಂದು ದಾರಿ ಎಂದರೆ ಅಕ್ಟೋಬರ್ ಕೊನೆಗೇ ಬಿತ್ತಿ, ಹೂವಾಡುವುದನ್ನು ತಡೆಹಿಡಿಯುವ, ಸ್ವಲ್ಪ ಚಳಿ ಬೇಡುವ ವಂಶವಾಹಿಗಳಿರುವ ತಳಿಯನ್ನು ಬೆಳೆಯುವುದು. ಬೇಗ ಬಿತ್ತಿದರೂ ಅವು ಅವಸರದಲ್ಲಿ ಹೂವಾಡುವುದಿಲ್ಲ, ಮಾರ್ಚ್ ಬಿಸಿಗೆ ಮೊದಲು ಕಾಳು ತುಂಬಿಕೊಳ್ಳುತ್ತವೆ. ಜಾಣತನದ ಉಪಾಯ. ಆದರೆ ಆ ಬೀಜವನ್ನು ಯಾರಾದರೂ ಲಾರಿಯಲ್ಲಿ ತಂದು ನಿಮಗೆ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ನಿಮ್ಮಲ್ಲಿ ಆ ಚಳಿಯೇ ಇಲ್ಲ. ಚಳಿಗಾಗಿ ಕಾಯುವ ಗಿಡ ಎಲೆಯಲ್ಲೇ ದಿನ ಕಳೆದು, ಹೂವಾಡುವ ಹೊತ್ತಿಗೆ ನೇರವಾಗಿ ಬಿಸಿಲಿನ ಬಾಯಿಗೆ ಬೀಳುತ್ತದೆ. ಗಡಿ ಭಾಗದ ರೈತರಿಗೆ ಬೀಜದ ಚೀಲದ ಮೇಲಿನ ಬರಹ ಒಂದು ಭಾಷೆಯಲ್ಲಿ, ಕರಪತ್ರ ಇನ್ನೊಂದು ಭಾಷೆಯಲ್ಲಿ ಸಿಗುತ್ತದೆ. ಯಾವ ಭಾಷೆಯಲ್ಲಿದ್ದರೂ ನೀವು ಹುಡುಕಬೇಕಾದದ್ದು ಎರಡು ಮಾತು: ‘ಪರ್ಯಾಯ ದ್ವೀಪ ವಲಯ’ಕ್ಕೆ ಶಿಫಾರಸಾಗಿದೆಯೇ, ಯಾವ ಬಿತ್ತನೆ ಕಾಲಕ್ಕೆ ಶಿಫಾರಸಾಗಿದೆ. ಗೋಧಿಯ ಮಟ್ಟಿಗೆ ಮಹಾರಾಷ್ಟ್ರ ಮತ್ತು ಕರ್ನಾಟಕ ಒಂದೇ ವಲಯ. ಅಕ್ಕಲಕೋಟೆಯ ಬಿಸಿಲಿಗೂ ಆಳಂದ, ಇಂಡಿಗಳ ಬಿಸಿಲಿಗೂ ರಾಜ್ಯದ ಗಡಿ ಅಡ್ಡ ಬರುವುದಿಲ್ಲ.

ಬಿಸಿ ತಾಳುವ ಗೋಧಿಯನ್ನು ಬೆಳೆಸುವ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ತಿಳಿದರೆ ತಡವೇಕೆ ಎಂಬುದೂ ತಿಳಿಯುತ್ತದೆ. ತಾಯಿಯಾಗಿ ಆರಿಸಿದ ತೆನೆಯ ಪ್ರತಿ ಹೂವಿನಿಂದ ಮೂರು ಮೂರು ಪರಾಗಕೋಶಗಳನ್ನು ಚಿಮಟದಲ್ಲಿ ತೆಗೆದು, ಕಾಗದದ ಚೀಲ ಮುಚ್ಚಿ, ಎರಡು ಮೂರು ದಿನದ ನಂತರ ತಂದೆ ಗಿಡದ ಪರಾಗ ಹಾಕುತ್ತಾರೆ. ಆ ಸಂಕರದ ಮಕ್ಕಳು ಒಂದೊಂದೂ ಬೇರೆ ಬೇರೆ. ಅವು ಸ್ಥಿರವಾಗಲು ಆರೇಳು ಪೀಳಿಗೆ ಬೇಕು. ವರ್ಷಕ್ಕೊಂದೇ ಪೀಳಿಗೆಯೆಂದರೆ ಬಹಳ ಕಾಲ ಹಿಡಿಯುತ್ತದೆಂದು ಬೇಸಿಗೆಯಲ್ಲಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲೋ, ಹಿಮಾಚಲದ ಲಾಹೌಲ್ ಕಣಿವೆಯ ದಾಲಂಗ್ ಮೈದಾನದಲ್ಲೋ ಇನ್ನೊಂದು ಪೀಳಿಗೆ ತೆಗೆಯುತ್ತಾರೆ. ದಿನಕ್ಕೆ 22 ಗಂಟೆ ದೀಪದ ಬೆಳಕು ಕೊಟ್ಟು ವರ್ಷಕ್ಕೆ ಆರು ಪೀಳಿಗೆ ತೆಗೆಯುವ ವಿಧಾನವೂ ಈಗ ಬಂದಿದೆ. ಅನಂತರ ಅಖಿಲ ಭಾರತ ಸಮನ್ವಿತ ಯೋಜನೆಯಲ್ಲಿ ಒಂದು ವರ್ಷ ಪ್ರಾಥಮಿಕ ಪರೀಕ್ಷೆ, ಎರಡು ವರ್ಷ ಮುಂದುವರಿದ ಪರೀಕ್ಷೆ. ಎಲ್ಲ ಸೇರಿ ಹತ್ತು ಹನ್ನೆರಡು ವರ್ಷ. ಇದು ಯಾವ ಗುಣಕ್ಕಾದರೂ ಹಿಡಿಯುವ ಕಾಲ. ಬಿಸಿಯ ವಿಷಯದಲ್ಲಿ ನಿಜವಾದ ಕಷ್ಟವಿರುವುದು ಆಯ್ಕೆಯಲ್ಲಿ.

ತುಕ್ಕು ಎಂಬ ಶಿಲೀಂಧ್ರ ರೋಗವನ್ನು ತಡೆಯುವ ಗುಣ ಕೆಲವೊಮ್ಮೆ ಒಂದೇ ವಂಶವಾಹಿಯಲ್ಲಿರುತ್ತದೆ, ಕಣ್ಣಿಗೆ ನೇರವಾಗಿ ಕಾಣುತ್ತದೆ. ಬಿಸಿ ತಾಳುವ ಗುಣ ಹಾಗಲ್ಲ. ಅದು ಹತ್ತಾರು ವಂಶವಾಹಿಗಳಲ್ಲಿ ಚೂರು ಚೂರಾಗಿ ಹಂಚಿಹೋಗಿದೆ. ಅದನ್ನು ಹೊರಗೆಡಹಲು ತಳಿ ಬೆಳೆಸುವ ನಾವು ಬೇಕೆಂದೇ ತಡವಾಗಿ, ಡಿಸೆಂಬರ್ ಮಧ್ಯದಲ್ಲೋ ಇನ್ನೂ ತಡವಾಗಿಯೋ ಬಿತ್ತುತ್ತೇವೆ. ಅದೇ ತಳಿಗಳನ್ನು ಪಕ್ಕದ ಹೊಲದಲ್ಲಿ ನವೆಂಬರ್ ಮೊದಲ ಹದಿನೈದು ದಿನಗಳಲ್ಲಿ ಬಿತ್ತಿರುತ್ತೇವೆ. ಎರಡರ ಇಳುವರಿಯನ್ನು ಹೋಲಿಸಿ, ಯಾವುದು ಕಡಿಮೆ ಕಳೆದುಕೊಂಡಿತು ಎಂದು ನೋಡುವುದು ರೂಢಿ. 1978ರಲ್ಲಿ ಫಿಶರ್ ಮತ್ತು ಮೌರರ್ ಬರದ ಪರೀಕ್ಷೆಗೆಂದು ಇಂಥದೊಂದು ಸೂಚ್ಯಂಕವನ್ನೇ ಕೊಟ್ಟರು, ಬಿಸಿಯ ಪರೀಕ್ಷೆಗೂ ಇಂದಿಗೂ ಅದನ್ನು ಬಳಸುತ್ತಾರೆ. ಅದರೊಳಗೆ ಒಂದು ಬಲೆ ಇದೆ. ಉದಾಹರಣೆಗೆ, ಒಂದು ತಳಿ ಸಕಾಲದಲ್ಲಿ ಹೆಕ್ಟೇರಿಗೆ 45 ಕ್ವಿಂಟಲ್, ತಡವಾದಾಗ 30 ಕೊಡುತ್ತದೆ ಎಂದುಕೊಳ್ಳಿ. ಇನ್ನೊಂದು ಸಕಾಲದಲ್ಲಿ 28, ತಡದಲ್ಲಿ 24. ಸೂಚ್ಯಂಕ ಎರಡನೆಯದನ್ನು ಹೊಗಳುತ್ತದೆ, ಅದು ಕಳೆದುಕೊಂಡದ್ದು ಕಡಿಮೆಯಲ್ಲವೇ! ಆದರೆ ರೈತನ ಕಣಜಕ್ಕೆ ಬರುವುದು ಕಾಳು, ಸೂಚ್ಯಂಕವಲ್ಲ. ಬಿಸಿಯಲ್ಲೂ 30 ಕೊಟ್ಟದ್ದೇ ಬೇಕಾದ ಗೋಧಿ. ಮೊದಲೇ ಕಡಿಮೆ ಬೆಳೆಯುವುದಕ್ಕೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ತಡ ಬಿತ್ತನೆಯ ಇಳುವರಿಯನ್ನು ಮೊದಲು ನೋಡಿ, ಸೂಚ್ಯಂಕವನ್ನು ಅನಂತರ ನೋಡಬೇಕೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹಟ ಹಿಡಿದು ಹೇಳುತ್ತೇನೆ.

ಇನ್ನು ಹೂವಾಡುವ ದಿನದ ತೊಡಕು ಇಲ್ಲಿಯೂ ಕಾಡುತ್ತದೆ. ತಡವಾಗಿ ಬಿತ್ತಿದ ಹೊಲದಲ್ಲಿ ಬೇಗ ಹೂವಾಡುವ ಸಾಲುಗಳು ಸಹಜವಾಗಿಯೇ ಮುಂದೆ ಬರುತ್ತವೆ. ಅವನ್ನೇ ಆರಿಸುತ್ತ ಹೋದರೆ ಹತ್ತು ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಗಿಡ್ಡ ಆಯುಷ್ಯದ, ಬಡಕಲು ಗೋಧಿ. ಆದ್ದರಿಂದ ಹೂವಾಡುವ ದಿನ ಹೆಚ್ಚುಕಡಿಮೆ ಒಂದೇ ಇರುವ ಸಾಲುಗಳನ್ನು ಗುಂಪು ಮಾಡಿ, ಗುಂಪಿನೊಳಗೆ ಮಾತ್ರ ಹೋಲಿಸಬೇಕು. ಹಾಗೆ ಹೋಲಿಸಿದಾಗ ಉಳಿಯುವ ವ್ಯತ್ಯಾಸವೇ ತಾಳಿಕೆ.

ಅದನ್ನು ಕಾಣಲು ಇಳುವರಿಯ ಜೊತೆಗೆ ನಾವು ನೋಡುವ ಗುಣಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಎರಡರಲ್ಲಿ. ಮೊದಲನೆಯದು ಬೆಳೆಯ ಮೇಲ್ಮೈಯ ತಂಪು. ಮೋಡವಿಲ್ಲದ ಮಧ್ಯಾಹ್ನ ಕೈಯಲ್ಲಿ ಹಿಡಿಯುವ ಅತಿಗೆಂಪು ಉಷ್ಣಮಾಪಕವನ್ನು ಸಾಲಿನ ಕಡೆಗೆ ತಿರುಗಿಸಿದರೆ ಎಲೆಗಳ ಉಷ್ಣಾಂಶ ತಿಳಿಯುತ್ತದೆ. ಒಂದೇ ದಿನ ಹೂವಾಡಿದ, ಒಂದೇ ನೀರು ಕುಡಿದ ಎರಡು ಸಾಲುಗಳ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ ಕಾಣುವುದುಂಟು. ತಂಪಾಗಿರುವ ಸಾಲಿನ ಬೇರು ಆಳದಿಂದ ನೀರೆತ್ತಿ ಎಲೆಯಿಂದ ಆವಿ ಬಿಡುತ್ತಿದೆ ಎಂದರ್ಥ. ಬಿಸಿ ಪ್ರದೇಶಗಳ ಪ್ರಯೋಗಗಳಲ್ಲಿ ಈ ತಂಪಿಗೂ ಇಳುವರಿಗೂ ಗಟ್ಟಿ ನಂಟು ಮತ್ತೆ ಮತ್ತೆ ಕಂಡಿದೆ. ಆದರೆ ಅದಕ್ಕೆ ನೆಲದಲ್ಲಿ ನೀರಿರಬೇಕು. ನಿಮ್ಮ ತಾಲ್ಲೂಕಿನಲ್ಲಿ ಆಳವಾದ ಎರೆಯೂ ಇದೆ, ಒಂದು ಗೇಣಿಗೆ ಮುರುಮು, ಅಂದರೆ ಗರಸು ಕಲ್ಲುಮಣ್ಣು, ತಗಲುವ ಹೊಲವೂ ಇದೆ. ಮುರುಮಿನ ಹೊಲದಲ್ಲಿ ಎರಡೇ ನೀರು ಕೊಟ್ಟು ಬೆಳೆಯುವಾಗ ಇದೇ ಗಿಡ ಇದ್ದ ನೀರನ್ನೆಲ್ಲ ಬೇಗ ಖರ್ಚು ಮಾಡಿ ಕಾಳು ತುಂಬುವಾಗ ಬರಿಗೈಯಲ್ಲಿ ನಿಲ್ಲುತ್ತದೆ. ನೀರಿದ್ದಾಗಿನ ಬಿಸಿ ಬೇರೆ, ನೀರಿಲ್ಲದಾಗಿನ ಬಿಸಿ ಬೇರೆ. ಎರಡಕ್ಕೂ ಒಂದೇ ತಳಿ ಬೇಕೆಂದು ಕೇಳುವುದು ನ್ಯಾಯವಾದ ಆಸೆ, ಆದರೆ ಅದು ಸುಲಭವಾಗಿ ಈಡೇರುವುದಿಲ್ಲ.

ಎರಡನೆಯದು ಕಾಂಡದಲ್ಲಿ ಕೂಡಿಟ್ಟ ಸಕ್ಕರೆ. ಗೋಧಿ ಹೂವಾಡುವ ಸುಮಾರಿಗೆ ನೀರಿನಲ್ಲಿ ಕರಗುವ ಸಕ್ಕರೆಗಳನ್ನು ಕಾಂಡದಲ್ಲಿ ಸಂಗ್ರಹಿಸುತ್ತದೆ. ಬಿಸಿಲಿಗೆ ಎಲೆ ಒಣಗಿದ ಮೇಲೂ ಈ ಗಂಟಿನಿಂದ ಕಾಳಿಗೆ ಆಹಾರ ಹೋಗುತ್ತದೆ. ಪರೀಕ್ಷೆ ಕಠೋರವಾದದ್ದು: ಹೂವಾದ ಎರಡು ವಾರಕ್ಕೆ ಎಲೆಗಳನ್ನು ಸುಡುವ ರಾಸಾಯನಿಕ ಸಿಂಪಡಿಸಿ, ಆಮೇಲೂ ಯಾವ ಸಾಲು ಕಾಳು ತುಂಬಿಸಿತು ಎಂದು ತೂಗುವುದು. ಕೊನೆಯವರೆಗೆ ಹಸಿರಾಗಿ ನಿಲ್ಲುವ ಗಿಡಗಳನ್ನು ಜನ ಬಹಳ ಮೆಚ್ಚುತ್ತಾರೆ, ಆದರೆ ಹಸಿರು ಕಂಡು ಮರುಳಾಗಬಾರದು. ತೆನೆಯಲ್ಲಿ ಕಾಳು ಕಟ್ಟದೆ, ಸಕ್ಕರೆ ಹೋಗಲು ಜಾಗವಿಲ್ಲದೆ ಹಸಿರಾಗಿ ಉಳಿದ ಗಿಡಗಳೂ ಇರುತ್ತವೆ.

ಇಷ್ಟೆಲ್ಲ ದಾಟಿ ಬಂದ ಸಾಲು ತುಕ್ಕು ರೋಗಕ್ಕೆ ಬಿದ್ದರೆ ಅಲ್ಲಿಗೆ ಮುಗಿಯಿತು. ದಕ್ಷಿಣದ ಗೋಧಿಗೆ ತುಕ್ಕಿನ ಬೀಜಕಣಗಳು ನೀಲಗಿರಿ, ಪಳನಿ ಬೆಟ್ಟಗಳಿಂದ ಗಾಳಿಯಲ್ಲಿ ಬರುತ್ತವೆ. ವೆಲ್ಲಿಂಗ್ಟನ್‌ನಲ್ಲಿ ಗೋಧಿ ಸಾಲುಗಳನ್ನು ಬೆಳೆಸುವುದಕ್ಕೆ ಅದೂ ಒಂದು ಕಾರಣ. ರೋಗಕ್ಕೆ ಸಿಗುವಂಥದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಅಂದ ಹಾಗೆ ನೀವು ಬಿತ್ತಿದ ಲೋಕ್-1 ರುಚಿಗೆ, ಕಾಳಿನ ಅಂದಕ್ಕೆ ಹೆಸರಾದದ್ದು, ಆದರೆ ತುಕ್ಕಿಗೆ ಬಲಿಯಾಗುವ ತಳಿ. ಹೊಸದಕ್ಕೆ ಬದಲಿಸಲು ಬಿಸಿಲು ಒಂದೇ ಕಾರಣವಲ್ಲ. ಕೊನೆಗೆ ಚಪಾತಿ ಮೆತ್ತಗೆ ಆಗದಿದ್ದರೆ ನಿಮ್ಮ ಮನೆಯವರೇ ಮುಂದಿನ ವರ್ಷ ಆ ಬೀಜ ಬೇಡ ಎನ್ನುತ್ತಾರೆ, ಅವರು ಹೇಳುವುದು ಸರಿಯಾಗಿಯೇ ಇರುತ್ತದೆ.

ಹಾಗೆಂದು ವಿಜ್ಞಾನಿಗಳು ಏನೂ ಕೊಟ್ಟಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ತಡ ಬಿತ್ತನೆಗೆಂದೇ ನಾಸಿಕ ಜಿಲ್ಲೆಯ ನಿಫಾಡದ ಗೋಧಿ ಸಂಶೋಧನಾ ಕೇಂದ್ರದ ಎನ್‌ಐಎಡಬ್ಲ್ಯೂ 34 ಇದೆ. ಸಕಾಲಕ್ಕೂ ತಡಕ್ಕೂ ಹೊಂದುವ ಫುಲೆ ಸಮಾಧಾನ ಇದೆ. ಕಡಿಮೆ ನೀರಿಗೆ ನೇತ್ರಾವತಿ ಇದೆ. ಸಕಾಲ ಬಿತ್ತನೆಗೆ ಪುಣೆಯ ಅಘಾರ್ಕರ್ ಸಂಸ್ಥೆಯ ಎಂಎಸಿಎಸ್ 6222, 6478, ಧಾರವಾಡದ ಯುಎಎಸ್ 304 ಇವೆ. ಇವೆಲ್ಲ ಬಿಸಿ ನಾಡಿನಲ್ಲೇ ಆರಿಸಿದ ಗೋಧಿಗಳು. ನನ್ನ ಅಸಮಾಧಾನ ಬೇರೆಯದು. ನಿಫಾಡ ಮಹಾರಾಷ್ಟ್ರದಲ್ಲೇ ಅತಿ ಚಳಿಯ ಊರುಗಳಲ್ಲೊಂದು, ಚಳಿಗಾಲದಲ್ಲಿ ಅದರ ಹೆಸರು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿದೆ. ಸೊಲ್ಲಾಪುರದ ಬಯಲು 450 ಮೀಟರಿನ ಆಸುಪಾಸಿನಲ್ಲಿದೆ, ರಾತ್ರಿಗಳು ಬೆಚ್ಚಗಿರುತ್ತವೆ, ಬೆಚ್ಚಗಿನ ರಾತ್ರಿಯಲ್ಲಿ ಗಿಡ ಹಗಲು ಗಳಿಸಿದ್ದನ್ನು ಉಸಿರಾಟದಲ್ಲಿ ಕಳೆದುಕೊಳ್ಳುತ್ತದೆ. ತಣ್ಣನೆಯ ರಾತ್ರಿಗಳಲ್ಲಿ ಗೆದ್ದ ಗೋಧಿ ಭೀಮೆಯ ದಂಡೆಯ ರಾತ್ರಿಗಳಲ್ಲೂ ಗೆಲ್ಲುತ್ತದೆಂದು ಊಹಿಸುವಂತಿಲ್ಲ. ಅದಕ್ಕಾಗಿ ನಿಮ್ಮಂಥವರ ಹೊಲದಲ್ಲಿ ಪರೀಕ್ಷೆ ಆಗಬೇಕು, ಗಡಿ ಭಾಗದಲ್ಲಿ ಅದು ಸಾಕಷ್ಟು ಆಗುತ್ತಿಲ್ಲ ಎಂಬುದು ನನಗೆ ನೋವಿನ ವಿಷಯ.

ಜವೆ ಗೋಧಿಯ ಬಗ್ಗೆ ನಿಮ್ಮ ತಂದೆಯವರು ಹೇಳುವುದರಲ್ಲಿ ಸತ್ಯವಿದೆ. ನಿಮ್ಮ ಕಡೆ ಖಪ್ಲಿ ಎಂದೂ, ಕೆಲವೆಡೆ ಸದಕ ಎಂದೂ ಕರೆಯುವ ಇದು ಹುಗ್ಗಿಗೆ, ಮಾದಲಿಗೆ ಹೆಸರಾದ ಗೋಧಿ. ಸಿಪ್ಪೆ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಕುಟ್ಟಿ ಬಿಡಿಸಬೇಕು. ಚಪಾತಿ ಗೋಧಿಗಿಂತ ಇದು ಬಿಸಿಯನ್ನೂ ನೀರಿನ ಕೊರತೆಯನ್ನೂ ಚೆನ್ನಾಗಿ ತಾಳುತ್ತದೆ, ತುಕ್ಕಿಗೂ ಸುಲಭವಾಗಿ ಜಗ್ಗುವುದಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ವಾಟರ್‌ಹೌಸ್ ಅವರು ಭಾರತದ ಖಪ್ಲಿಯನ್ನು ಅಲ್ಲಿನ ಸ್ಟೈನ್‌ವೆಡೆಲ್ ಎಂಬ ಗೋಧಿಗೆ ಕೂಡಿಸಿ ಖಪ್‌ಸ್ಟೈನ್ ಎಂಬ ತಳಿಯನ್ನು ಪಡೆದರು. ಕಾಂಡದ ತುಕ್ಕನ್ನು ತಡೆಯುವ ಎರಡು ವಂಶವಾಹಿಗಳು ಖಪ್ಲಿಯ ಕೊಡುಗೆಯೆಂದು ಇಂದಿಗೂ ಲೋಕದ ಗೋಧಿ ತಜ್ಞರು ಗುರುತಿಸುತ್ತಾರೆ. ನಮ್ಮ ಅಜ್ಜಿಯರು ಕುಟ್ಟಿ ಹುಗ್ಗಿ ಮಾಡಿದ ಗೋಧಿ ಅದು.

ಹಾಗಿದ್ದರೆ ಆ ತಾಳಿಕೆಯನ್ನು ಚಪಾತಿ ಗೋಧಿಗೆ ದಾಟಿಸಬಾರದೇ? ಆ ಯತ್ನ ನಡೆಯುತ್ತಿದೆ, ಆದರೆ ದಾರಿ ಇಕ್ಕಟ್ಟಾದದ್ದು. ಜವೆ ಗೋಧಿಗೆ 28 ವರ್ಣತಂತುಗಳು, ಚಪಾತಿ ಗೋಧಿಗೆ 42. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡಕ್ಕೆ 35. ಅವುಗಳಲ್ಲಿ ಏಳಕ್ಕೆ ಜೋಡಿಯೇ ಇಲ್ಲ. ಕಾಳು ಸರಿಯಾಗಿ ಕಟ್ಟುವುದಿಲ್ಲ, ಬಹಳಷ್ಟು ಬಂಜೆ. ಮತ್ತೆ ಮತ್ತೆ ಚಪಾತಿ ಗೋಧಿಗೆ ಕೂಡಿಸಿ ಆ ಏಳನ್ನು ಮರಳಿ ಪಡೆಯುತ್ತ, ಜವೆಯ ಬೇಕಾದ ತುಣುಕನ್ನೂ ಕಳೆದುಕೊಳ್ಳದೆ ಉಳಿಸಿಕೊಳ್ಳಬೇಕು. ಒಂದೇ ವಂಶವಾಹಿಯ ತುಕ್ಕು ನಿರೋಧಕ ಗುಣವನ್ನು ಹೀಗೆ ಸಾಗಿಸಬಹುದು. ಹತ್ತಾರು ಕಡೆ ಹರಡಿರುವ ಬಿಸಿಯ ತಾಳಿಕೆಯನ್ನು ಸಾಗಿಸುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸೋರಿಹೋಗುತ್ತದೆ. ಜವೆಯನ್ನೇ ಬೆಳೆಯುವ ಮನಸ್ಸಿದ್ದರೆ ಧಾರವಾಡದ ಡಿಡಿಕೆ 1025, ಡಿಡಿಕೆ 1029, ಪುಣೆಯ ಎಂಎಸಿಎಸ್ 2971 ಇವೆ. ಹಳೆಯದರಂತೆ ಎತ್ತರ ಬೆಳೆದು ಮಲಗುವುದಿಲ್ಲ. ನಿಮ್ಮ ಮನೆಯಲ್ಲಿ ತಂದೆಯವರ ಕಾಲದ ಬೀಜ ಒಂದು ಸೇರಾದರೂ ಉಳಿದಿದ್ದರೆ ಅದನ್ನು ಬೇರೆಯದರ ಜೊತೆ ಬೆರೆಸಬೇಡಿ. ಅದು ನಾಟಿ ಬೆರಕೆ. ನೀವು ಲೋಕ್-1ರಲ್ಲಿ ಹುಡುಕಿದ ವ್ಯತ್ಯಾಸ ನಿಜವಾಗಿ ಇರುವುದು ಅದರಲ್ಲಿ. ಅಲ್ಲಿ ತೆನೆ ಆರಿಸಿ ಸಾಲು ಬಿತ್ತಿದರೆ ಫಲವಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರ ತಳಿಯೆಂದು ಅದನ್ನು ನೋಂದಾಯಿಸುವ ಹಕ್ಕೂ ನಿಮಗಿದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರು ದಾರಿ ತೋರಿಸುತ್ತಾರೆ.

ಮುಂದಿನ ಹಿಂಗಾರಿಗೆ ಏನು ಮಾಡಬೇಕು? ನವೆಂಬರ್ 15 ದಾಟಿದ ಮೇಲೆ ಪ್ರತಿ ಹದಿನೈದು ದಿನದ ತಡಕ್ಕೆ ಹೆಕ್ಟೇರಿಗೆ ಸುಮಾರು ಎರಡೂವರೆ ಕ್ವಿಂಟಲ್ ಕಡಿಮೆಯಾಗುತ್ತದೆಂದು ಮಹಾರಾಷ್ಟ್ರದ ಕೃಷಿ ಕರಪತ್ರಗಳು ಹೇಳುತ್ತವೆ. ಇಂದಿನ ಯಾವ ತಳಿಯ ತಾಳಿಕೆಯೂ ಒಂದು ತಿಂಗಳ ತಡವನ್ನು ಪೂರ್ತಿ ತುಂಬಿಕೊಡುವುದಿಲ್ಲ. ಡಿಸೆಂಬರ್ ಮೊದಲ ವಾರದೊಳಗೆ ಹೊಲ ಖಾಲಿಯಾದರೆ ಎನ್‌ಐಎಡಬ್ಲ್ಯೂ 34 ಅಥವಾ ಫುಲೆ ಸಮಾಧಾನ ಬಿತ್ತಿ. ತಡವಾದಷ್ಟೂ ತೆಂಡೆ ಕಡಿಮೆ, ಆದ್ದರಿಂದ ಹೆಕ್ಟೇರಿಗೆ 125 ಕಿಲೊಗಿಂತ ಕಡಿಮೆ ಬೀಜ ಹಾಕಬೇಡಿ, ಸಾಲಿನ ಅಂತರವನ್ನು 18 ಸೆಂಟಿಮೀಟರಿಗೆ ಇಳಿಸಿ. ಹೊಡೆ ತುಂಬುವಾಗ ಮತ್ತು ಕಾಳು ಹಾಲುಗಟ್ಟುವ ಹೊತ್ತಿಗೆ ನೀರು ತಪ್ಪಿಸಬೇಡಿ. ಬಾವಿಯಲ್ಲಿ ಅಷ್ಟು ನೀರಿಲ್ಲವೆಂದು ಈಗಲೇ ಗೊತ್ತಿದ್ದರೆ ಗೋಧಿಯ ಎಕರೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಕಡೆ ಜೋಳ ಹಾಕಿ. ಡಿಸೆಂಬರ್ 15 ಕಳೆದಿದ್ದರೆ ಗೋಧಿಯ ಆಸೆಯನ್ನೇ ಬಿಡಿ.

ಆದರೆ ಇದಕ್ಕಿಂತ ಒಳ್ಳೆಯ ಉಪಾಯ ಗೋಧಿ ಬೀಜದಲ್ಲಿಲ್ಲ, ತೊಗರಿ ಬೀಜದಲ್ಲಿದೆ. ನಿಮ್ಮ ಕಡೆ ಬೆಳೆಯುವ ಹಲವು ತೊಗರಿ ತಳಿಗಳು ಆರು ತಿಂಗಳು ಹೊಲ ಹಿಡಿಯುತ್ತವೆ. ಮಹಾರಾಷ್ಟ್ರದ ಬದನಾಪುರದ ಬಿಡಿಎನ್ 711 ತಳಿ ಸುಮಾರು 150–155 ದಿನಕ್ಕೆ ಮಾಗುತ್ತದೆ. ಜೂನ್ ಮಧ್ಯದಲ್ಲಿ ಬಿತ್ತಿದರೆ ನವೆಂಬರ್ ಮೂರನೆಯ ವಾರದ ಹೊತ್ತಿಗೆ ಹೊಲ ಬಿಡುತ್ತದೆ. ಗೋಧಿಯ ಬಿತ್ತನೆ ಮೂರು ವಾರ ಮೊದಲೇ ಆಗುತ್ತದೆ, ಅದು ಜನವರಿಯ ಕೊನೆಯಲ್ಲಿ ಹೂವಾಡುತ್ತದೆ. ಮೇಲೆ ನಾನು ತಪ್ಪಿಸಿಕೊಳ್ಳುವುದು ಎಂದು ಕರೆದದ್ದು ಇದನ್ನೇ. ತಳಿ ಆರಿಸುವ ನನಗೆ ಅದು ದಾರಿ ತಪ್ಪಿಸುತ್ತದೆ, ಹೊಲ ಬಿತ್ತುವ ನಿಮಗೆ ಅದು ಲಾಭ. ನಾಲ್ಕು ಎಕರೆಯಲ್ಲಿ ಒಂದು ಎಕರೆಗೆ ಈ ಜೂನ್‌ನಲ್ಲಿ ಆ ತೊಗರಿ ಹಾಕಿ. ಅದರ ಹಿಂದೆ ಲೋಕ್-1, ಫುಲೆ ಸಮಾಧಾನ, ಎನ್‌ಐಎಡಬ್ಲ್ಯೂ 34 ಮೂರನ್ನೂ ಪಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ. ಪ್ರತಿ ಪಟ್ಟಿಯಲ್ಲಿ ಅರ್ಧದಷ್ಟು ತೆನೆಗಳು ಹೂವಾಡಿದ ದಿನವನ್ನು ಬರೆದಿಡಿ, ಕೊಯ್ಲಾದ ಮೇಲೆ ಸಾವಿರ ಕಾಳಿನ ತೂಕವನ್ನೂ ಪಟ್ಟಿಯ ಇಳುವರಿಯನ್ನೂ ಬರೆದು ನನಗೆ ಕಳುಹಿಸಿ. ನಿಮ್ಮ ತಾಲ್ಲೂಕಿನ ರಾತ್ರಿಗಳಲ್ಲಿ ಯಾವುದು ಕಾಳು ತುಂಬಿಸುತ್ತದೆ ಎಂಬ ಅಂಕಿ ನನಗೂ ಬೇಕಾಗಿದೆ.